ಪರದೆಯಲ್ಲಿ 180, ನೋಟ್‌ಬುಕ್‌ನಲ್ಲಿ 178

ಧ್ವನಿ ಸರಿಯಾಗಿ ಕೇಳ್ತಾ ಇದೆ ಅಲ್ವಾ? ಹಿಂದಿನ ಸಾಲಿನವರು ಒಮ್ಮೆ ಕೈ ಎತ್ತಿ. ಸರಿ.

ನನಗೆ ಕೊಟ್ಟ ವಿಷಯ, ಶಾಲೆಯಲ್ಲಿ ಗಣಿತ ಮತ್ತು ವಿಜ್ಞಾನ ಕಲಿಸೋಕೆ ತಂತ್ರಜ್ಞಾನ. ದೊಡ್ಡ ವಿಷಯ. ನಾನು ಮುಂಬೈನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಇವೆರಡನ್ನೂ ಕಲಿಸುವ ಟೀಚರ್. ಹಾಗಾಗಿ ನನ್ನ ತರಗತಿಯಲ್ಲಿ ಆಗಿದ್ದನ್ನು ಮಾತ್ರ ಹೇಳ್ತೀನಿ. ಅದರಲ್ಲೂ ಆರಂಭ ಮಾಡೋದು ಕಂಪ್ಯೂಟರ್‌ನಿಂದ ಅಲ್ಲ, ಒಂದು ರಬ್ಬರ್‌ನಿಂದ. ಪೆನ್ಸಿಲ್ ಅಳಿಸುವ ರಬ್ಬರ್.

ಕೆಲವು ವರ್ಷಗಳ ಹಿಂದಿನ ಮಾತು. ತ್ರಿಭುಜದ ಮೂರು ಕೋನಗಳ ಮೊತ್ತ ಪಾಠ ಮಾಡ್ತಾ ಇದ್ದೆ. ಮೊದಲ ದಿನ ಮಕ್ಕಳಿಗೆ ಹೇಳಿದೆ, ನಿಮಗೆ ಬೇಕಾದ ತ್ರಿಭುಜ ಬರೀರಿ, ಕೋನಮಾಪಕ ಇಟ್ಟು ಅಳೆಯಿರಿ, ಕೂಡಿಸಿ. ಮರುದಿನ ಪ್ರೊಜೆಕ್ಟರ್ ಹಾಕಿ ಜಿಯೋಜೀಬ್ರಾದಲ್ಲಿ ಒಂದು ತ್ರಿಭುಜ ತೋರಿಸಿದೆ. ಮೂಲೆ ಹಿಡಿದು ಹೇಗೆ ಎಳೆದರೂ ಮೊತ್ತ 180. ಉದ್ದ ಮಾಡಿದರೂ 180, ಚಪ್ಪಟೆ ಮಾಡಿದರೂ 180. ಮಕ್ಕಳು ಚಪ್ಪಾಳೆ ತಟ್ಟಿದರು. ಪಾಠ ಬಹಳ ಚೆನ್ನಾಗಿ ಆಯ್ತು ಅಂದುಕೊಂಡು ಮನೆಗೆ ಹೋದೆ.

ಮೂರನೇ ದಿನ ನೋಟ್‌ಬುಕ್ ತಿದ್ದುವಾಗ ಒಬ್ಬ ಹುಡುಗಿಯ ಪುಟದಲ್ಲಿ ಒಂದು ಕಡೆ ಕಾಗದ ತೆಳುವಾಗಿತ್ತು. ಬೆಳಕಿಗೆ ಹಿಡಿದು ನೋಡಿದೆ. ಮೊದಲು ಅವಳು ಬರೆದಿದ್ದು 58, 49, 71. ಕೂಡಿಸಿದರೆ 178. ಆಮೇಲೆ 71 ಅನ್ನು ಅಳಿಸಿ 73 ಮಾಡಿದ್ದಾಳೆ. ಈಗ ಮೊತ್ತ ಸರಿಯಾಗಿ 180.

ಕರೆದು ಕೇಳಿದೆ, ಇದು ಯಾಕಮ್ಮಾ? ಅವಳು ಏನೂ ಮುಚ್ಚಿಡಲಿಲ್ಲ. "ಸ್ಕ್ರೀನ್‌ನಾಗ 180 ಬಂತಲ್ರೀ ಟೀಚರ್, ನಂದು ತಪ್ಪಾಗಿತ್ತು." ಇನ್ನೊಂದು ಸಲ ಅಳೆದೆಯಾ ಅಂದೆ. ಇಲ್ಲ ಅಂದಳು. ಯಾವ ಕೋನದಲ್ಲಿ ತಪ್ಪಾಗಿತ್ತು ಅಂತ ಹೇಗೆ ಗೊತ್ತಾಯ್ತು? "ಕಡೇದು ತಿದ್ದಾಕ ಸುಲಭ ಇತ್ರೀ."

ಆಮೇಲೆ ಉಳಿದ ನೋಟ್‌ಬುಕ್‌ಗಳನ್ನೂ ಬೆಳಕಿಗೆ ಹಿಡಿದು ನೋಡಿದೆ. ಎಷ್ಟು ಮಂದಿ ಅಳಿಸಿದ್ದರು ಅಂತ ಇಲ್ಲಿ ಹೇಳೋಕೆ ನನಗೇ ನಾಚಿಕೆ.

ನಮ್ಮ ಮಕ್ಕಳು ಯಾರು ಅಂತ ನಿಮಗೆ ಗೊತ್ತಿದೆ. ಹೆಚ್ಚಿನವರ ಮನೆಯವರು ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ ಕಡೆಯಿಂದ ಇಲ್ಲಿ ಕಟ್ಟಡದ ಕೆಲಸಕ್ಕೆ ಬಂದವರು. ದೊಡ್ಡವರು ಹೇಳಿದ್ದೇ ಸರಿ, ಕಾಗದದಲ್ಲಿ ಇದ್ದದ್ದೇ ಸರಿ, ಆಫೀಸಿನವರು ಅಂದದ್ದೇ ಸರಿ, ಇದನ್ನು ಈ ಮಕ್ಕಳು ದಿನಾ ಹೊರಗೆ ಕಲೀತಾರೆ. ಅದನ್ನು ಕಲಿಸೋಕೆ ಶಾಲೆ ಬೇಕಿಲ್ಲ. ನೀನು ಕೈಯಾರೆ ಅಳೆದಿದ್ದಕ್ಕೂ ಒಂದು ಬೆಲೆ ಇದೆ ಅಂತ ಹೇಳುವ ಜಾಗ ಅವರಿಗೆ ವಿಜ್ಞಾನದ ಪೀರಿಯಡ್ ಒಂದೇ. ಆ ಜಾಗದಲ್ಲೇ ನಾನು ಪ್ರೊಜೆಕ್ಟರ್ ತಂದು, ನಿಮ್ಮ ಕೈ ತಪ್ಪು, ಗೋಡೆಯ ಮೇಲಿನ ಬೆಳಕು ಸರಿ ಅಂತ ಹೇಳಿಬಿಟ್ಟಿದ್ದೆ. ಬಾಯಲ್ಲಿ ಹೇಳಿರಲಿಲ್ಲ. ಪಾಠದ ಕ್ರಮವೇ ಅದನ್ನು ಹೇಳಿತ್ತು.

ಜಿಯೋಜೀಬ್ರಾವನ್ನು ಬೈತಾ ಇಲ್ಲ ನಾನು. ಬಹಳ ಒಳ್ಳೆಯ ಸಾಧನ. ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ ಅನ್ನುವವರು 2001ರಲ್ಲಿ ಸಾಲ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಇದನ್ನು ಶುರು ಮಾಡಿದರು. ಶಾಲೆಗಳಿಗೆ ಉಚಿತ. ಹಳೇ ಲ್ಯಾಪ್‌ಟಾಪ್‌ನಲ್ಲೂ ನಡೆಯುತ್ತೆ, ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತೆ. ಮುಂದಿನ ವರ್ಷ ಅದೇ ಪಾಠಕ್ಕೆ ಅದೇ ಸಾಧನ ಬಳಸಿದೆ. ಕ್ರಮ ಬದಲಾಯಿಸಿದೆ ಅಷ್ಟೇ.

ಈ ಸಲ ಎಲ್ಲರೂ ಅಳೆದು ತಂದ ಮೊತ್ತವನ್ನು ಬೋರ್ಡ್ ಮೇಲೆ ಬರೆಸಿದೆ. ಯಾರದ್ದೂ ಅಳಿಸುವ ಹಾಗಿಲ್ಲ ಅಂತ ಮೊದಲೇ ನಿಯಮ. 176 ಬಂತು, 185 ಬಂತು, 179, 181, 180, 182. ಒಂದೊಂದು ಸಂಖ್ಯೆಯ ಮೇಲೆ ಒಂದೊಂದು ಚುಕ್ಕೆ ಇಡ್ತಾ ಹೋದೆವು. ಚುಕ್ಕೆಗಳ ಒಂದು ಗುಡ್ಡ ಎದ್ದಿತು. ಗುಡ್ಡದ ನೆತ್ತಿ 180ರ ಹತ್ತಿರ. ಈಗ 178 ಬರೆದವಳಿಗೆ ತಾನು ತಪ್ಪು ಅಂತ ಅನಿಸೋದಿಲ್ಲ. ಗುಡ್ಡದಲ್ಲಿ ತನ್ನದೂ ಒಂದು ಕಲ್ಲು ಇದೆ.

ಆಮೇಲೆ ಪ್ರೊಜೆಕ್ಟರ್. ಎಳೆಯುವ ಮುಂಚೆ ನಿಲ್ಲಿಸಿ ಕೇಳಿದೆ, ಈ ಮೇಲಿನ ಮೂಲೆಯನ್ನು ಇನ್ನೂ ಮೇಲಕ್ಕೆ ಎಳೆದರೆ ಆ ಕೋನ ದೊಡ್ಡದಾಗುತ್ತಾ, ಚಿಕ್ಕದಾಗುತ್ತಾ? ನೋಟ್‌ಬುಕ್‌ನಲ್ಲಿ ಬರೀರಿ, ಆಮೇಲೆ ತೋರಿಸ್ತೀನಿ. ಅರ್ಧ ತರಗತಿ ದೊಡ್ಡದಾಗುತ್ತೆ ಅಂತ ಬರೆದಿತ್ತು! ಬದಿಗಳು ಉದ್ದ ಆಗ್ತವಲ್ಲ, ಹಾಗಾದರೆ ಕೋನವೂ ದೊಡ್ಡದು ಅಂತ ಅವರ ಲೆಕ್ಕ. ಹಿಂದಿನ ವರ್ಷ ಬರೀ ತೋರಿಸಿದಾಗ ಈ ತಪ್ಪು ತಿಳುವಳಿಕೆ ಅವರ ತಲೆಯಲ್ಲಿ ಇದೆ ಅಂತಲೇ ನನಗೆ ಗೊತ್ತಾಗಿರಲಿಲ್ಲ. ಚಪ್ಪಾಳೆ ತಟ್ಟಿದ್ದರಲ್ಲ, ಎಲ್ಲ ಅರ್ಥ ಆಗಿದೆ ಅಂದುಕೊಂಡಿದ್ದೆ.

ಎಳೀತಾ ಹೋದೆ. ಒಂದು ಕಡೆ ನಿಲ್ಲಿಸಿದಾಗ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. "ಟೀಚರ್, ಲೆಕ್ಕ ತಪ್ಪೈತ್ರೀ." ಪರದೆಯಲ್ಲಿ ಮೂರು ಕೋನ: 33, 73, 73. ಕೆಳಗೆ ಮೊತ್ತ: 180. ನೀವೇ ಕೂಡಿಸಿ ನೋಡಿ. 179 ಆಗುತ್ತೆ.

ಒಂದು ಕ್ಷಣ ನನಗೂ ಗಾಬರಿ. ಆಮೇಲೆ ಹೊಳೀತು. ಪರದೆ ಗಿಜಿಬಿಜಿ ಆಗಬಾರದು ಅಂತ ನಾನೇ ದಶಾಂಶಗಳನ್ನು ತೆಗೆದು, ಪೂರ್ಣ ಅಂಕೆ ಮಾತ್ರ ತೋರಿಸುವ ಹಾಗೆ ಇಟ್ಟಿದ್ದೆ. ಸೆಟ್ಟಿಂಗ್ ಬದಲಾಯಿಸಿದೆ. 33.4, 73.4, 73.2. ಈಗ ಕೂಡಿಸಿ. 180. ಮೂರೂ ಸಂಖ್ಯೆಗಳ ಬಾಲ ಕತ್ತರಿಸಿದಾಗ ಒಂದು ಡಿಗ್ರಿ ಕಳೆದುಹೋಗಿತ್ತು.

ಆ ಹುಡುಗ ಕೂರಲಿಲ್ಲ. ಇನ್ನೊಂದು ಪ್ರಶ್ನೆ ಕೇಳಿದ. "ಹಂಗಾದ್ರ ಕಂಪ್ಯೂಟರ್‌ಗೆ 180 ಅಂತ ಹ್ಯಾಂಗ ಗೊತ್ತಾತ್ರೀ? ಅದೂ ಅಳೀತದೇನು?"

ಈ ಪ್ರಶ್ನೆಗಾಗಿ ನಾನು ಇನ್ನೂ ಹತ್ತು ವರ್ಷ ಕಾಯೋಕೆ ತಯಾರಿದ್ದೆ. ಯಾಕೆಂದರೆ ಉತ್ತರ ಹೀಗಿದೆ: ಇಲ್ಲ, ಅದು ಅಳೆಯೋದೇ ಇಲ್ಲ. ಅದರ ಹತ್ತಿರ ಕೋನಮಾಪಕ ಇಲ್ಲ. ಮೂರು ಮೂಲೆಗಳು ಎಲ್ಲಿವೆ ಅನ್ನುವ ಸಂಖ್ಯೆಗಳು ಮಾತ್ರ ಅದರ ಹತ್ತಿರ ಇವೆ. ಉಳಿದದ್ದನ್ನು ಸೂತ್ರ ಹಾಕಿ ಲೆಕ್ಕ ಮಾಡುತ್ತೆ. ಆ ಸೂತ್ರಗಳು ಬಂದಿದ್ದು ಎಲ್ಲಿಂದ? ನಾವು ಕಲಿಯೋಕೆ ಕೂತಿರುವ ಇದೇ ರೇಖಾಗಣಿತದಿಂದ. ಅಂದರೆ 180 ಅಂತ ಪರದೆ ಹೇಳಿದ್ದು ಸಾಕ್ಷಿಯೇ ಅಲ್ಲ. ನಾವು ಹೇಳಿಕೊಟ್ಟಿದ್ದನ್ನೇ ಅದು ನಮಗೆ ತಿರುಗಿ ಹೇಳ್ತಾ ಇದೆ. ನಿಮ್ಮ 178 ನಿಜವಾಗಿ ಅಳೆದದ್ದು. ಅದು ಒಂದು ಸಾಕ್ಷಿ. ಸ್ವಲ್ಪ ಒರಟು ಸಾಕ್ಷಿ, ಅಷ್ಟೇ.

ಹಾಗಾದರೆ ಕೈಯನ್ನೂ ಪೂರ್ತಿ ನಂಬೋ ಹಾಗಿಲ್ಲ, ಪರದೆಯನ್ನೂ ನಂಬೋ ಹಾಗಿಲ್ಲ. ಏನು ಮಾಡೋದು? ಆಗ ಚಾಕ್‌ಪೀಸ್ ತೆಗೆದುಕೊಂಡೆ. ತ್ರಿಭುಜದ ನೆತ್ತಿಯ ಮೂಲಕ ಪಾದಕ್ಕೆ ಸಮಾಂತರವಾಗಿ ಒಂದು ಗೆರೆ. ಎಡಗಡೆ ಪರ್ಯಾಯ ಕೋನ, ಬಲಗಡೆ ಪರ್ಯಾಯ ಕೋನ, ಮಧ್ಯದಲ್ಲಿ ನೆತ್ತಿಯ ಕೋನ. ಮೂರೂ ಸೇರಿ ಒಂದು ನೇರ ಗೆರೆ. ಅಷ್ಟೇ. ಇದರಲ್ಲಿ ಅಳತೆಯೂ ಇಲ್ಲ, ದಶಾಂಶವೂ ಇಲ್ಲ. ಪ್ರತಿ ವರ್ಷ ಈ ಸಾಧನೆಯನ್ನು ಬರೆಸ್ತಾ ಇದ್ದೆ, ಮಕ್ಕಳು ಪರೀಕ್ಷೆಗೆ ಅಂತ ಬಾಯಿಪಾಠ ಮಾಡ್ತಾ ಇದ್ದರು. ಅದು ಯಾಕೆ ಬೇಕು ಅಂತ ಯಾರೂ ಕೇಳಿರಲಿಲ್ಲ. ಆವತ್ತು ಅವರಿಗೆ ಅದು ಬೇಕಾಗಿತ್ತು.

ಇದು ಗಣಿತ ಆಯ್ತು. ವಿಜ್ಞಾನದಲ್ಲಿ ವಿಷಯ ಸ್ವಲ್ಪ ಬೇರೆ.

ಫೆಟ್ ಅಂತ ಒಂದು ಜಾಲತಾಣ ಇದೆ. ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ್ದು. ಅದರಲ್ಲಿ ವಿದ್ಯುತ್ ಮಂಡಲ ಕಟ್ಟುವ ಒಂದು ಆಟ ಇದೆ. ಬ್ಯಾಟರಿ, ತಂತಿ, ಬಲ್ಬ್, ಸ್ವಿಚ್ ಎಳೆದು ಜೋಡಿಸಿದರೆ ಬಲ್ಬ್ ಹೊತ್ತಿಕೊಳ್ಳುತ್ತೆ. ತಂತಿಯ ಒಳಗೆ ಎಲೆಕ್ಟ್ರಾನ್‌ಗಳು ನೀಲಿ ಚುಕ್ಕೆಗಳಾಗಿ ಹರಿಯೋದು ಕಾಣುತ್ತೆ.

ಈ ನೀಲಿ ಚುಕ್ಕೆಗಳು ದೊಡ್ಡ ಉಪಕಾರ ಮಾಡಿವೆ. ಬಹಳ ಮಕ್ಕಳು, ದೊಡ್ಡವರೂ, ಬಲ್ಬ್ ವಿದ್ಯುತ್ ಪ್ರವಾಹವನ್ನು ತಿಂದು ಮುಗಿಸುತ್ತೆ ಅಂದುಕೊಂಡಿರ್ತಾರೆ. ಒಂದು ಕಡೆಯಿಂದ ಹೋಗುತ್ತೆ, ಉರಿದು ಖಾಲಿ ಆಗುತ್ತೆ. ಎರಡನೇ ತಂತಿ ಯಾಕೆ ಅಂತ ಕೇಳಿದರೆ ಉತ್ತರ ಇರಲ್ಲ. ಪರದೆಯಲ್ಲಿ ಬಲ್ಬ್‌ಗೆ ಹೋಗುವ ಚುಕ್ಕೆಗಳು ಎಷ್ಟೋ, ಹೊರಗೆ ಬರುವ ಚುಕ್ಕೆಗಳೂ ಅಷ್ಟೇ, ಅದೇ ವೇಗ. ಇದನ್ನು ನಿಜವಾದ ತಂತಿಯಲ್ಲಿ ಯಾವ ಟೀಚರ್ ತೋರಿಸೋಕೆ ಸಾಧ್ಯ? ಬ್ಯಾಟರಿಯ ಎರಡು ತುದಿಗೆ ನೇರ ತಂತಿ ಜೋಡಿಸಿದರೆ ಪರದೆಯ ಮೇಲೆ ಬೆಂಕಿ ಕಾಣಿಸಿಕೊಳ್ಳುತ್ತೆ. ಶಾರ್ಟ್ ಸರ್ಕ್ಯೂಟ್ ಎಷ್ಟು ಸಲ ಬೇಕಾದರೂ ಮಾಡಿ, ಯಾರ ಕೈಯೂ ಸುಡಲ್ಲ. ನಮ್ಮ ಮಕ್ಕಳು ಮಾಡಿದ್ದೇ ಮಾಡಿದ್ದು.

ಒಬ್ಬಳು ಪರೀಕ್ಷೆಯಲ್ಲಿ "ಎಲೆಕ್ಟ್ರಾನಿನ ಬಣ್ಣ ನೀಲಿ" ಅಂತ ಬರೆದಳು. ಅದಿರಲಿ, ಅದನ್ನು ನಾನೇ ಮೊದಲು ಹೇಳಬೇಕಾಗಿತ್ತು.

ಮುಖ್ಯ ಆಗಿದ್ದು ಮರುವಾರ. ಮೋಟಾರ್ ಕಾಯಿಲ್ ಸುತ್ತುವ ಅಂಗಡಿಯಿಂದ ತಾಮ್ರದ ತಂತಿ ತಂದೆ. ಟಾರ್ಚ್ ಬಲ್ಬ್, ಪೆನ್ಸಿಲ್ ಸೆಲ್. ನಾಲ್ಕು ನಾಲ್ಕು ಜನಕ್ಕೆ ಒಂದೊಂದು ಸೆಟ್ ಕೊಟ್ಟೆ. ಪರದೆಯಲ್ಲಿ ಮಾಡಿದ್ದನ್ನೇ ಮಾಡಿ ಅಂದೆ. ಒಬ್ಬರದ್ದೂ ಹೊತ್ತಲಿಲ್ಲ. ಒಂದೇ ಒಂದು ಬಲ್ಬ್ ಕೂಡ! ಪರದೆಯ ಮೇಲೆ ಮೂರು ಬಲ್ಬ್‌ಗಳನ್ನು ಸಮಾಂತರವಾಗಿ ಜೋಡಿಸಿ ಮೆರೆದಿದ್ದ ಮಕ್ಕಳು.

ಯಾಕೆ? ಆ ತಂತಿಗೆ ಕಣ್ಣಿಗೆ ಕಾಣದ ಎನಾಮಲ್ ಲೇಪ ಇರುತ್ತೆ. ತುದಿಯನ್ನು ಕೆರೆದು ತೆಗೆಯದಿದ್ದರೆ ವಿದ್ಯುತ್ ಹರಿಯಲ್ಲ. ಕೆಲವರು ಎರಡೂ ತಂತಿಯನ್ನು ಬಲ್ಬಿನ ತಳದ ಚುಕ್ಕೆಗೇ ಮುಟ್ಟಿಸಿದ್ದರು. ಒಂದು ತಳಕ್ಕೆ, ಇನ್ನೊಂದು ಪಕ್ಕದ ಲೋಹದ ಅಂಚಿಗೆ ಅನ್ನೋದು ಅವರಿಗೆ ತಿಳಿದಿರಲಿಲ್ಲ. ಪರದೆಯ ತಂತಿಗೆ ಲೇಪ ಇಲ್ಲ. ಅಲ್ಲಿ ಯಾವುದೂ ಸಡಿಲ ಆಗಲ್ಲ, ಅಲ್ಲಿನ ಸೆಲ್ ಹಳೇದಾಗಿ ಸಾಯೋದೂ ಇಲ್ಲ.

ಸುಮ್ಮನೆ ನಿಂತೆ. ಅದೇ ಕಷ್ಟದ ಕೆಲಸ, ಟೀಚರ್ ಆದವರಿಗೆ ಗೊತ್ತು. ಸುಮಾರು ಇಪ್ಪತ್ತು ನಿಮಿಷ. ಮಕ್ಕಳು ಸೆಲ್ ಬದಲಾಯಿಸಿದರು, ಬಲ್ಬ್ ಬದಲಾಯಿಸಿದರು, ಪಕ್ಕದ ಗುಂಪಿನದ್ದನ್ನು ಕದ್ದು ನೋಡಿದರು. ಕೊನೆಗೆ ಒಬ್ಬ ಹುಡುಗ ತಂತಿಯನ್ನು ನೆಲಕ್ಕೆ ಉಜ್ಜಿದ. ಅವನ ಅಪ್ಪ ವೈರಿಂಗ್ ಕೆಲಸ ಮಾಡೋರು, ಎಲ್ಲೋ ನೋಡಿದ್ದ. ಅವನ ಬಲ್ಬ್ ಹೊತ್ತಿಕೊಳ್ತು. ಆಮೇಲೆ ಎಲ್ಲರೂ ನೆಲ ಉಜ್ಜೋದೇ. ಆ ಹುಡುಗ ಗಣಿತದಲ್ಲಿ ಯಾವತ್ತೂ ಇಪ್ಪತ್ತಕ್ಕೆ ಐದು ದಾಟಿದವನಲ್ಲ. ಆವತ್ತು ಇಡೀ ತರಗತಿ ಅವನ ಹಿಂದೆ ಇತ್ತು.

ಈಗ ನಾನು ಎರಡನ್ನೂ ಇಟ್ಟುಕೊಂಡಿದ್ದೀನಿ. ಮೊದಲು ತಂತಿ, ಆಮೇಲೆ ಪರದೆ. ಹೊತ್ತದ ಬಲ್ಬಿನ ಜೊತೆ ಜಗಳ ಆಡಿ ಬಂದ ಮಗುವಿಗೆ ನೀಲಿ ಚುಕ್ಕೆ ತೋರಿಸಿದರೆ ಅದು ಬೇರೆಯೇ ರೀತಿ ನೋಡುತ್ತೆ.

ಒಮ್ಮೆ ಪಾಲಕರ ಸಭೆಯಲ್ಲಿ ಈ ಪ್ರೊಜೆಕ್ಟರ್ ವಿಚಾರ ಹೇಳ್ತಾ ಇದ್ದೆ. ಮೊಮ್ಮಗಳ ಜೊತೆ ಬಂದಿದ್ದ ರಾಯಚೂರು ಕಡೆಯ ಅಜ್ಜಿಯೊಬ್ಬರು ಅಂದರು, "ನಾ ಸಣ್ಣಾಕಿ ಇದ್ದಾಗ ನಮ್ಮೂರ ಸಾಲ್ಯಾಗ ಟಿವಿ ಬಂದಿತ್ತವ್ವಾ. ಮ್ಯಾಲೆ ಜಾಳಿಗಿ ಛತ್ರಿ ಹಾಕಿದ್ರು." ನನಗೆ ಮೊದಲು ನಂಬಿಕೆ ಬರಲಿಲ್ಲ. ಆಮೇಲೆ ಗೊತ್ತಾಯ್ತು, ಅದು ಸೈಟ್.

ಈಗಿನವರಿಗೆ ಈ ಹೆಸರು ಗೊತ್ತಿರಲಿಕ್ಕಿಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ, ಒಂದು ವರ್ಷ, ನಾಸಾದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಇಸ್ರೋ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ಟಿವಿ ಕಾರ್ಯಕ್ರಮ ಕಳಿಸಿತು. ಆರು ರಾಜ್ಯ. ಕರ್ನಾಟಕದಲ್ಲಿ ಆರಿಸಿದ್ದು ಇದೇ ಭಾಗ: ಬಿಜಾಪುರ, ಗುಲ್ಬರ್ಗಾ, ರಾಯಚೂರು. ತಂತಿ ಜಾಲರಿಯ ದೊಡ್ಡ ಆಂಟೆನಾ, ಊರಿಗೊಂದು ಟಿವಿ. ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ಊರವರಿಗೆ. ನನಗೆ ಇಷ್ಟವಾದ ಸಂಗತಿ ಏನಂದರೆ, ಮಕ್ಕಳ ವಿಜ್ಞಾನ ಕಾರ್ಯಕ್ರಮಗಳು ತಯಾರಾಗ್ತಾ ಇದ್ದದ್ದು ಈ ಮುಂಬೈನಲ್ಲಿ, ಇಸ್ರೋದ ಸ್ಟುಡಿಯೋದಲ್ಲಿ. ಇಲ್ಲಿ ಮಾಡಿದ್ದನ್ನು ಅಲ್ಲಿ ಆ ಅಜ್ಜಿ ನೋಡಿದ್ದಾರೆ. ಈಗ ಅವರ ಮೊಮ್ಮಗಳು ಇಲ್ಲೇ ನನ್ನ ಎದುರು ಕೂತಿದ್ದಾಳೆ.

ಏನು ನೋಡಿದ್ದು ನೆನಪಿದೆ ಅಮ್ಮಾ ಅಂತ ಕೇಳಿದೆ. ಕಾರ್ಯಕ್ರಮ ಯಾವುದೂ ನೆನಪಿಲ್ಲ ಅಂದರು. ಆದರೆ ಮಾಸ್ತರು ಟಿವಿ ಮುಗಿದ ಮೇಲೆ ಹೊರಗೆ ಕರಕೊಂಡು ಹೋಗಿ ಕೋಲು ನೆಟ್ಟು ನೆರಳು ಅಳೆಸಿದ್ದು ನೆನಪಿದೆಯಂತೆ. ಟಿವಿಯಲ್ಲಿ ಅದನ್ನು ಹೇಳಿದ್ದರೋ, ಮಾಸ್ತರು ತಾವೇ ಮಾಡಿಸಿದ್ದೋ, ಅದು ಅವರಿಗೂ ಗೊತ್ತಿಲ್ಲ.

ಒಂದು ವರ್ಷಕ್ಕೆ ಎರವಲಿನ ಅವಧಿ ಮುಗೀತು, ಉಪಗ್ರಹ ಹೊರಟುಹೋಯ್ತು. 2004ರ ಸೆಪ್ಟೆಂಬರ್‌ನಲ್ಲಿ ಶಿಕ್ಷಣಕ್ಕೆ ಅಂತಲೇ ನಮ್ಮದೇ ಎಜುಸ್ಯಾಟ್ ಹಾರಿತು. ಈಗ ಪಠ್ಯಪುಸ್ತಕದ ಪುಟದಲ್ಲೇ ಕ್ಯೂಆರ್ ಕೋಡ್ ಇದೆ, ಮೊಬೈಲ್ ಹಿಡಿದರೆ ವಿಡಿಯೋ. ಪ್ರತಿ ಸಲವೂ ಯಂತ್ರ ಚಿಕ್ಕದಾಗ್ತಾ, ಅಗ್ಗ ಆಗ್ತಾ ಬಂದಿದೆ. ಕೋಲು ನೆಡುವ ಮಾಸ್ತರಿಗೆ ಮಾತ್ರ ಇನ್ನೂ ಬದಲಿ ಸಿಕ್ಕಿಲ್ಲ.

ಮೊಬೈಲ್ ಅಂದೆನಲ್ಲ, ಈಗ ಅದರ ವಿಚಾರ ಸ್ವಲ್ಪ ಹೊತ್ತು ಹೇಳ್ತೀನಿ. ಇದು ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ಪಾಠ. ಮೊಬೈಲನ್ನು ನಾವು ಸಣ್ಣ ಟಿವಿ ಅಂತ ತಿಳಿದಿದ್ದೀವಿ. ಆದರೆ ಅದರ ಒಳಗೆ ಮೈಕ್ ಇದೆ, ಬೆಳಕು ಅಳೆಯುವ ಸೆನ್ಸರ್ ಇದೆ, ಅಲುಗಾಟ ಅಳೆಯುವ ಸೆನ್ಸರ್ ಇದೆ, ಬಹುಪಾಲು ಮೊಬೈಲ್‌ಗಳಲ್ಲಿ ಕಾಂತಕ್ಷೇತ್ರ ಅಳೆಯುವ ಸೆನ್ಸರ್ ಕೂಡ. ಅದು ಒಂದು ಪ್ರಯೋಗಾಲಯ. ಜರ್ಮನಿಯ ಆಖನ್ ವಿಶ್ವವಿದ್ಯಾಲಯದವರು 2016ರಲ್ಲಿ ಫೈಫಾಕ್ಸ್ ಅಂತ ಒಂದು ಉಚಿತ ಆ್ಯಪ್ ಬಿಟ್ಟರು. ಈ ಸೆನ್ಸರ್‌ಗಳು ಅಳೆದಿದ್ದನ್ನು ಅದು ಹಾಗೇ ಅಂಕೆಯಲ್ಲಿ ತೋರಿಸುತ್ತೆ. ಅದರಲ್ಲಿ ಶಬ್ದ ಕೇಳಿ ಓಡುವ, ಶಬ್ದ ಕೇಳಿ ನಿಲ್ಲುವ ಒಂದು ಸ್ಟಾಪ್‌ವಾಚ್ ಇದೆ.

ಶಬ್ದದ ವೇಗವನ್ನು ನಾವು ಯಾವಾಗಲೂ ಪುಸ್ತಕದಿಂದ ಓದಿಸ್ತೀವಿ. ಯಾರೂ ಅಳೆಯಲ್ಲ. ಕೈಯಲ್ಲಿ ಸ್ಟಾಪ್‌ವಾಚ್ ಒತ್ತಿ ಅಳೆಯೋಕೆ ಆಗಲ್ಲ, ಯಾಕೆಂದರೆ ನಮ್ಮ ಬೆರಳು ಒತ್ತೋಕೇ ಸುಮಾರು 0.2 ಸೆಕೆಂಡ್ ಬೇಕು. ಅಷ್ಟರಲ್ಲಿ ಶಬ್ದ ಶಾಲೆಯ ಗೇಟು ದಾಟಿರುತ್ತೆ.

ಎರಡು ಮೊಬೈಲ್ ಸಾಕು. ನಮ್ಮ ಕಾರಿಡಾರ್‌ನಲ್ಲಿ ಟೇಪ್ ಹಿಡಿದು 12 ಮೀಟರ್ ಅಳೆದೆವು. ಒಂದು ತುದಿಯಲ್ಲಿ ಒಂದು ಮೊಬೈಲ್, ಪಕ್ಕದಲ್ಲಿ ಒಬ್ಬಳು ಹುಡುಗಿ. ಇನ್ನೊಂದು ತುದಿಯಲ್ಲಿ ಇನ್ನೊಂದು ಮೊಬೈಲ್, ಒಬ್ಬ ಹುಡುಗ. ಹುಡುಗಿ ಚಪ್ಪಾಳೆ ತಟ್ಟುತ್ತಾಳೆ. ಅವಳ ಮೊಬೈಲ್ ತಕ್ಷಣ ಓಡೋಕೆ ಶುರು. ಹುಡುಗನ ಮೊಬೈಲ್ ಶಬ್ದ ಅಲ್ಲಿಗೆ ತಲುಪಿದ ಮೇಲೆ ಶುರು, ಅಂದರೆ ಸ್ವಲ್ಪ ತಡ. ಈಗ ಹುಡುಗ ಚಪ್ಪಾಳೆ ತಟ್ಟುತ್ತಾನೆ. ಅವನದ್ದು ತಕ್ಷಣ ನಿಲ್ಲುತ್ತೆ, ಅವಳದ್ದು ಶಬ್ದ ಬಂದ ಮೇಲೆ ನಿಲ್ಲುತ್ತೆ, ಮತ್ತೆ ಅಷ್ಟೇ ತಡ. ಎರಡು ಮೊಬೈಲಿನ ಸಮಯದ ವ್ಯತ್ಯಾಸ ತೆಗೆದರೆ, ಶಬ್ದ ಹೋಗಿ ಬರೋಕೆ, ಅಂದರೆ 24 ಮೀಟರಿಗೆ, ತೆಗೆದುಕೊಂಡ ಸಮಯ ಸಿಗುತ್ತೆ. ಹುಡುಗ ಯಾವಾಗ ಚಪ್ಪಾಳೆ ತಟ್ಟಿದ ಅನ್ನೋದು ಮುಖ್ಯವೇ ಅಲ್ಲ. ಐದು ಸೆಕೆಂಡ್ ಬಿಟ್ಟು ತಟ್ಟಿದರೂ ಸರಿ. ಅದು ಯಾಕೆ ಅಂತ ಮಕ್ಕಳೇ ಬೋರ್ಡ್ ಮೇಲೆ ಗೆರೆ ಎಳೆದು ಕಂಡುಹಿಡಿದರು, ಒಂದು ಇಡೀ ಪೀರಿಯಡ್ ಹಿಡೀತು. ನನ್ನ ಪ್ರಕಾರ ಆ ಪೀರಿಯಡ್ಡೇ ನಿಜವಾದ ಪಾಠ.

ಮೊದಲ ದಿನ ಪೂರ್ತಿ ಹಾಳು. ಕೆಳಗೆ ರಿಕ್ಷಾ ಹಾರ್ನ್ ಹೊಡೆದರೆ ಸ್ಟಾಪ್‌ವಾಚ್ ನಿಲ್ಲುತ್ತೆ. ಪಕ್ಕದ ತರಗತಿಯಲ್ಲಿ ಡಸ್ಟರ್ ಬಿದ್ದರೆ ಶುರು ಆಗುತ್ತೆ. ಎಷ್ಟು ಜೋರಿನ ಶಬ್ದಕ್ಕೆ ಎಚ್ಚರ ಆಗಬೇಕು ಅಂತ ಆ್ಯಪ್‌ನಲ್ಲಿ ಹೆಚ್ಚು ಕಡಿಮೆ ಮಾಡಬಹುದು. ಅದನ್ನು ಸರಿ ಮಾಡಿಕೊಳ್ಳೋಕೇ ಅರ್ಧ ದಿನ. ಎರಡನೇ ದಿನ ಬೆಳಿಗ್ಗೆ ಬೇಗ ಬಂದೆವು. ಅಳತೆಗಳು ಬಂದವು: 0.066 ಸೆಕೆಂಡ್, 0.071, 0.069. 24ನ್ನು ಭಾಗಿಸಿದರೆ ಸೆಕೆಂಡಿಗೆ 364 ಮೀಟರ್, 338, 348.

ಪುಸ್ತಕದ ಲೆಕ್ಕ ಏನು? ಸೊನ್ನೆ ಡಿಗ್ರಿಯಲ್ಲಿ ಸುಮಾರು 331, ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.6 ಹೆಚ್ಚು. ಆವತ್ತು ಕಾರಿಡಾರ್‌ನಲ್ಲಿ 30 ಡಿಗ್ರಿ. 349 ಬರಬೇಕು.

ನಾನು ಕಾಯ್ತಾ ಇದ್ದದ್ದು ಯಾರಾದರೂ 364 ಅನ್ನು ಅಳಿಸ್ತಾರಾ ಅಂತ. ಅಳಿಸಲಿಲ್ಲ. 364 ಬಂದ ಗುಂಪಿನವರು ಟೇಪ್ ತಗೊಂಡು ವಾಪಸ್ ಹೋದರು. ಅವರ ಮೊಬೈಲ್ ಗುರುತಿನ ಗೆರೆಯ ಮೇಲೆ ಇರಲಿಲ್ಲ. ಚಪ್ಪಾಳೆ ತಟ್ಟುವವನೂ ಒಂದು ಹೆಜ್ಜೆ ಮುಂದೆ ನಿಂತಿದ್ದ. ಅಂತೂ ಜಗಳ ಟೇಪಿನ ಬಗ್ಗೆ ಆಯ್ತು, ನಂಬರ್ ಬಗ್ಗೆ ಅಲ್ಲ.

ಈಗ ನಿಮ್ಮಲ್ಲಿ ಹಲವರು ನನ್ನನ್ನು ಕೇಳುವ ಪ್ರಶ್ನೆಗೆ ಬರ್ತೀನಿ. ಇಲ್ಲಿ ಮುಂಬೈ, ಪುಣೆಯ ಕನ್ನಡ ಸಂಘದವರು ಇದ್ದೀರಿ, ಹೈದರಾಬಾದ್, ಚೆನ್ನೈನಿಂದ ಆನ್‌ಲೈನ್‌ನಲ್ಲಿ ನೋಡ್ತಾ ಇರೋರೂ ಇದ್ದೀರಿ. ಟೀಚರ್, ನಿಮ್ಮ ಶಾಲೆಗೆ ಟ್ಯಾಬ್ ಕೊಡೋಣವಾ, ಸ್ಮಾರ್ಟ್ ಬೋರ್ಡ್ ಕೊಡೋಣವಾ? ಪ್ರೀತಿಯಿಂದ ಕೇಳ್ತೀರಿ, ನನಗೆ ಗೊತ್ತು. ಬೇಡ ಅನ್ನೋಕೆ ಕಷ್ಟ. ಆದರೂ ಹೇಳಿಬಿಡ್ತೀನಿ. ನಮ್ಮ ಕಪಾಟಿನಲ್ಲಿ ಹಿಂದೊಮ್ಮೆ ಬಂದ ಟ್ಯಾಬ್‌ಗಳಿವೆ. ಕೆಲವದರ ಬ್ಯಾಟರಿ ಊದಿಕೊಂಡಿದೆ. ಉಳಿದದ್ದರಲ್ಲಿ ತುಂಬಿಸಿ ಕೊಟ್ಟ ಪಾಠಗಳು ಹಳೇ ಪಠ್ಯಕ್ರಮದವು, ಬದಲಾಯಿಸೋಕೆ ಪಾಸ್‌ವರ್ಡ್ ಯಾರ ಹತ್ತಿರ ಇದೆ ಅಂತ ಗೊತ್ತಿಲ್ಲ. ಕೊಟ್ಟವರ ಮನಸ್ಸು ಒಳ್ಳೆಯದೇ ಇತ್ತು. ಫೋಟೋ ಕೂಡ ಚೆನ್ನಾಗಿ ಬಂದಿತ್ತು.

ಒಂದು ಪ್ರೊಜೆಕ್ಟರ್, ಒಂದು ಹಳೇ ಲ್ಯಾಪ್‌ಟಾಪ್, ಎರಡು ಹಳೇ ಮೊಬೈಲ್. ಇಡೀ ಶಾಲೆಗೆ ಇಷ್ಟು ಇದ್ದರೆ ನಾನು ಈವರೆಗೆ ಹೇಳಿದ್ದೆಲ್ಲ ಆಗುತ್ತೆ. ಪರದೆ ಒಂದೇ ಇರೋದು ಒಳ್ಳೆಯದೇ ಅಂತ ನನ್ನ ಅನುಭವ. ಒಬ್ಬೊಬ್ಬರಿಗೆ ಒಂದೊಂದು ಕೊಟ್ಟಾಗ ತರಗತಿ ಮೌನ ಆಗುತ್ತೆ, ಮಕ್ಕಳು ಬಗ್ಗಿ ಕೂರ್ತಾರೆ. ಒಂದೇ ಇದ್ದಾಗ ಜಗಳ ಆಡ್ತಾರೆ, "ಇಲ್ಲ, ಅದು ಚಿಕ್ಕದಾಗ್ತದೆ" ಅಂತ ಕೂಗ್ತಾರೆ. ನನಗೆ ಆ ಕೂಗು ಬೇಕು. ಲಾಕ್‌ಡೌನ್ ಸಮಯದಲ್ಲಿ ಇದು ಬಹಳ ಚೆನ್ನಾಗಿ ಅರ್ಥ ಆಯ್ತು. ಅಪ್ಪನ ಮೊಬೈಲ್ ರಾತ್ರಿ ಮನೆಗೆ ಬಂದ ಮೇಲೆ ಮಕ್ಕಳು ನನ್ನ ವಿಡಿಯೋ ನೋಡ್ತಾ ಇದ್ದರು, ಒಂದೇ ಮೊಬೈಲಿಗೆ ಮೂರು ಮಕ್ಕಳು. ನೋಡಿದ್ದರು, ಸುಳ್ಳಲ್ಲ. ಕೇಳಿದ್ದಕ್ಕೆ ಉತ್ತರ ಹೇಳೋಕೆ ಯಾರೂ ಎದುರಿಗೆ ಇರಲಿಲ್ಲ, ಅಷ್ಟೇ.

ಆದರೆ ನಿಮ್ಮಿಂದ ನನಗೆ ನಿಜವಾಗಿ ಬೇಕಾದ ಒಂದು ಸಹಾಯ ಇದೆ, ಅದು ಭಾಷೆ. ಮಹಾರಾಷ್ಟ್ರದ ಬಾಲಭಾರತಿ ನಮಗೆ ಕನ್ನಡದಲ್ಲಿ ಪಠ್ಯಪುಸ್ತಕ ಕೊಡುತ್ತೆ, ಅದು ದೊಡ್ಡ ಭಾಗ್ಯ. ಆದರೆ ಒಳ್ಳೆಯ ವಿಡಿಯೋ ಹುಡುಕಿದರೆ ಇಂಗ್ಲಿಷ್, ಹಿಂದಿ, ಮರಾಠಿ. ಪುಸ್ತಕದಲ್ಲಿ "ರೋಧ" ಅಂತ ಓದಿದ ಮಗು ಪರದೆಯಲ್ಲಿ "ರೆಸಿಸ್ಟೆನ್ಸ್" ನೋಡಿದಾಗ ಎರಡೂ ಒಂದೇ ಅಂತ ಅದಕ್ಕೆ ತಾನಾಗಿ ಹೊಳೆಯಲ್ಲ. ಫೆಟ್‌ನಲ್ಲಿ ಕೆಲವು ಆಟಗಳು ಕನ್ನಡದಲ್ಲೂ ಇವೆ. ಅವೆಲ್ಲ ಸ್ವಯಂಸೇವಕರು ಅನುವಾದ ಮಾಡಿದ್ದು. ಯಾರು ಬೇಕಾದರೂ ಹೆಸರು ನೋಂದಾಯಿಸಿ ಮಾಡಬಹುದು. ಒಂದು ಆಟದಲ್ಲಿ ಇರೋದು ಪುಟಗಟ್ಟಲೆ ಬರಹ ಅಲ್ಲ, ಬಟನ್‌ಗಳ ಮೇಲಿನ ಪದಗಳು, ಸಣ್ಣ ಸಾಲುಗಳು. ನೀವು ಇಂಜಿನಿಯರ್‌ಗಳು, ಪ್ರೊಫೆಸರ್‌ಗಳು ಇದ್ದೀರಿ. ಎರಡು ಭಾನುವಾರದ ಕೆಲಸ. ಒಂದೇ ಒಂದು ವಿನಂತಿ, ಪದಕೋಶ ನೋಡಿ ಘನವಾದ ಸಂಸ್ಕೃತ ಪದ ಹಾಕಬೇಡಿ. ಮಾಡುವ ಮುಂಚೆ ನಮ್ಮ ಎಂಟನೇ ತರಗತಿ ಪುಸ್ತಕ ತೆಗೆದು ಅಲ್ಲಿ ಯಾವ ಪದ ಇದೆಯೋ ಅದನ್ನೇ ಹಾಕಿ. ಬಲ್ಬ್‌ಗೆ ಬಲ್ಬ್ ಅಂತಲೇ ಇರಲಿ.

ಇನ್ನು, ಒಂದು ಶನಿವಾರ ಬಿಡುವು ಮಾಡಿಕೊಂಡು ಬರೋರಿದ್ದರೆ ಬನ್ನಿ. ಭಾಷಣಕ್ಕೆ ಅಲ್ಲ. ಟೇಪಿನ ಇನ್ನೊಂದು ತುದಿ ಹಿಡಿಯೋಕೆ ನಮಗೆ ಜನ ಕಡಿಮೆ.

ಯಾಕೆಂದರೆ ನಮ್ಮ ಹತ್ತಿರ ಒಂದು ಬಾಕಿ ಕೆಲಸ ಇದೆ. ಶಬ್ದದ ವೇಗ ಅಳೆದ ಮೇಲೆ, ಆವತ್ತು ಕೋನ ಅಳಿಸಿದ ಹುಡುಗಿಯ ತಂಗಿ, ಈಗ ಅವಳು ನನ್ನ ತರಗತಿಯಲ್ಲಿ, ಒಂದು ಪ್ರಶ್ನೆ ಕೇಳಿದಳು. ಚಳಿಗಾಲದಲ್ಲಿ ಶಬ್ದ ನಿಧಾನ ಆಗ್ತದಲ್ರೀ, ಅದನ್ನು ನಾವು ಹಿಡೀಬಹುದಾ? ಲೆಕ್ಕ ಹಾಕಿದೆವು. ಡಿಸೆಂಬರ್ ಬೆಳಿಗ್ಗೆ 20 ಡಿಗ್ರಿ ಅಂತ ಇಟ್ಟುಕೊಳ್ಳಿ, ವೇಗ 343. ನಮ್ಮ 12 ಮೀಟರಿನ ಕಾರಿಡಾರ್‌ನಲ್ಲಿ ವ್ಯತ್ಯಾಸ ಬರೋದು ಬರೀ 0.001 ಸೆಕೆಂಡ್. ನಮ್ಮ ಅಳತೆಗಳೇ ಅದಕ್ಕಿಂತ ಹೆಚ್ಚು ಅತ್ತಿತ್ತ ಆಗ್ತವೆ. ಹಿಡಿಯೋಕೆ ಆಗಲ್ಲ. ಹಾಗಾದರೆ ಎಷ್ಟು ದೂರ ಬೇಕು? 60 ಮೀಟರ್ ಇದ್ದರೆ ವ್ಯತ್ಯಾಸ 0.006 ಆಗುತ್ತೆ, ಹಲವು ಸಲ ಅಳೆದು ಸರಾಸರಿ ತೆಗೆದರೆ ಸಿಗಬಹುದು. ಹಿಂದಿನ ಮೈದಾನ ಅಷ್ಟು ಉದ್ದ ಇದೆ. ಆದರೆ 60 ಮೀಟರ್ ದೂರದ ಚಪ್ಪಾಳೆ ರಸ್ತೆಯ ಸದ್ದಿನಲ್ಲಿ ಮೊಬೈಲಿಗೆ ಕೇಳಲ್ಲ.

ಒಬ್ಬ ಹುಡುಗ ಮನೆಯಿಂದ ಸ್ಟೀಲ್ ತಟ್ಟೆ ಮತ್ತು ಸೌಟು ತರ್ತೀನಿ ಅಂದಿದ್ದಾನೆ. ಅವರ ಅಮ್ಮ ಕೊಡ್ತಾರಾ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಡಿಸೆಂಬರ್‌ನಲ್ಲಿ, ಬೆಳಿಗ್ಗೆ ಆರೂವರೆಗೆ, ರಿಕ್ಷಾಗಳು ಏಳೋ ಮುಂಚೆ. ಬರೋರು ಹೆಸರು ಕೊಡಿ.